ಅಲ್ಯೂಮಿನಿಯಂ ಒಡೆದರೆ ಗುಜರಿಗೆ ಒಗೀಬ್ಯಾಡ್ರಿ, ಹಂಗಂತ ಎಲ್ಲಾನೂ ಬೆಸೀಬ್ಯಾಡ್ರಿ

ತೊಗರಿ ಹೂ ಬಿಟ್ಟು ಕಾಯಿ ಕಚ್ಚುವ ಹೊತ್ತು. ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲಿ ಗಿಡ ಅಲ್ಲಾಡಿಸಿ ನೋಡಿದರೆ, ಕೆಳಗೆ ಹಾಸಿದ ಟವೆಲ್ ಮೇಲೆ ಸಣ್ಣ ಸಣ್ಣ ಕೀಡಿ ಉದುರಿದವು. ಕಾಯಿಕೊರಕ. ಇನ್ನೂ ಮರಿ ಹಂತದಲ್ಲೇ ಇದ್ದವು. ಬೇವಿನ ಬೀಜದ ಕಷಾಯ ತಯಾರಿತ್ತು, ಎನ್‌ಪಿವಿ ದ್ರಾವಣ ತಂದಿಟ್ಟಿದ್ದೆ. ಸಂಜೆ ಹೊಡೆಯೋಣ ಅಂತ ಎಂಜಿನ್ ಸ್ಪ್ರೇಯರ್‌ನ ಹಗ್ಗ ಎಳೆದೆ. ಹಗ್ಗದ ಜೊತೆಗೆ ಸ್ಟಾರ್ಟರ್ ಕವರೇ ಕೈಗೆ ಬಂತು. ಅಲ್ಯೂಮಿನಿಯಂ ಕವರಿನ ನಾಲ್ಕು ಕಿವಿಗಳಲ್ಲಿ ಎರಡು ಮುರಿದಿದ್ದವು.

ಅಂಗಡಿಗೆ ಫೋನ್ ಮಾಡಿದೆ. "ಆ ಮಾಡೆಲ್ ಕವರ್ ಸ್ಟಾಕ್ ಇಲ್ರಿ ಸರ್. ಸೋಲಾಪುರದಿಂದ ತರಸಬೇಕು. ಎಂಟು ದಿನ ಹಿಡಿತದ."

ಎಂಟು ದಿನ ಅಂದರೆ ಎಷ್ಟು ಅನ್ನೋದು ತೊಗರಿ ಬೆಳೆಯುವ ನಿಮಗೆ ಬೇರೆ ಹೇಳಬೇಕಿಲ್ಲ. ರಾಸಾಯನಿಕ ಹೊಡೆಯುವವರು ತಡವಾದರೆ ಇನ್ನೊಂದು ಜೋರಿನ ಎಣ್ಣಿ ತಂದು ಹೊಡೆದಾರು. ಸಾವಯವದವನಿಗೆ ಆ ದಾರಿ ಇಲ್ಲ. ಎನ್‌ಪಿವಿ ವೈರಸ್ ಚೆನ್ನಾಗಿ ಕೆಲಸ ಮಾಡೋದು ಮರಿ ಕೀಡಿಯ ಮೇಲೆ. ಬೇವಿನ ಕಷಾಯವೂ ಹಾಗೇ. ಕೀಡಿ ದೊಡ್ಡದಾಗಿ ಕಾಯಿಯೊಳಗೆ ತಲೆ ಹಾಕಿತು ಅಂದ್ರೆ ನಾವು ಬದುವಿನ ಮೇಲೆ ಕೂತು ನೋಡಬೇಕು ಅಷ್ಟೇ. ಒಂದು ಅಂಗೈ ಅಗಲದ ಕವರ್ ಮೇಲೆ ನನ್ನ ವರ್ಷದ ಬೆಳೆ ನಿಂತಿತ್ತು.

ಆ ಎರಡು ದಿನ ಏನಾಯಿತು, ಮುಂದಿನ ವರ್ಷ ನಾನು ಮಾಡಿದ ತಪ್ಪೇನು ಅನ್ನೋದನ್ನು ಹೇಳಲಿಕ್ಕೆ ಇವತ್ತಿನ ಲೇಖನ. ನನ್ನ ವಾದ ಸರಳ ಇದೆ: ಕಡಿಮೆ ಶಾಖದ ಬ್ರೇಜಿಂಗ್ ಕೆಲಸವನ್ನು ಪ್ರತಿ ಊರಿನಲ್ಲೂ ಒಬ್ಬ ಯುವ ರೈತ ಕಲಿಯಬೇಕು. ಆದರೆ ಯಾವುದನ್ನು ಬೆಸೆಯಬಾರದು ಅನ್ನೋದನ್ನು ಅವನು ಮೊದಲು ಕಲಿಯಬೇಕು.

ವೆಲ್ಡಿಂಗ್ ಅಂಗಡಿಯಲ್ಲಿ ಯಾಕೆ ಆಗಲಿಲ್ಲ?

ಮೊದಲು ಹೋಗಿದ್ದು ವೆಲ್ಡಿಂಗ್ ಅಂಗಡಿಗೆ. ಕುಂಟಿ, ಗೇಟು, ಟ್ರ್ಯಾಲಿ ಎಲ್ಲಾ ಚೆನ್ನಾಗಿ ಜೋಡಿಸುವ ಮನುಷ್ಯ. "ಇದು ಅಲ್ಯೂಮಿನಿಯಂ ಅದ, ನನಗ ಆಗಂಗಿಲ್ಲ" ಅಂತ ಮೊದಲೇ ಹೇಳಿದ. ನಾನೇ ಒತ್ತಾಯ ಮಾಡಿದೆ. ರಾಡ್ ತಾಗಿಸಿದ ಕೂಡಲೇ ಕವರಿಗೆ ತೂತು ಬಿತ್ತು. ಎರಡು ಕಿವಿ ಹೋಗಿದ್ದವು, ಮೇಲೊಂದು ತೂತೂ ಸೇರಿತು. ತಪ್ಪು ಅವನದಲ್ಲ, ನನ್ನದು.

ಕಾರಣ ಲೋಹದ ಗುಣದಲ್ಲೇ ಇದೆ. ಕಬ್ಬಿಣ ಕಾದರೆ ಕೆಂಪಾಗಿ ನಮಗೆ ಹೇಳುತ್ತದೆ. ಅಲ್ಯೂಮಿನಿಯಂ ಹೇಳುವುದಿಲ್ಲ. ಕರಗುವ ತನಕ ಬೆಳ್ಳಗೇ ಇದ್ದು, 660 ಡಿಗ್ರಿ ಸೆಲ್ಸಿಯಸ್ ಹತ್ತಿರ ಒಮ್ಮೆಲೇ ಕುಸಿದು ಬೀಳುತ್ತದೆ. ಅದು ಶುದ್ಧ ಅಲ್ಯೂಮಿನಿಯಂ ಲೆಕ್ಕ. ಎಂಜಿನ್ ಕವರಿನಂಥ ಸಿಲಿಕಾನ್ ಸೇರಿದ ಎರಕದ ಭಾಗಗಳು ಇನ್ನೂ ಮೊದಲೇ, 570–580 ಡಿಗ್ರಿಗೇ ಮೆತ್ತಗಾಗಲು ಶುರುವಾಗುತ್ತವೆ.

ಇನ್ನೊಂದು ತೊಡಕು ಅದರ ಮೇಲಿನ ಪೊರೆ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣದಲ್ಲೇ ಮೇಲೆ ತೆಳ್ಳನೆ ಆಕ್ಸೈಡ್ ಪೊರೆ ಕಟ್ಟುತ್ತದೆ. ಈ ಪೊರೆ ಕರಗಬೇಕಾದರೆ 2,000 ಡಿಗ್ರಿಗಿಂತ ಮೇಲೆ ಶಾಖ ಬೇಕು. ಒಳಗಿನ ಲೋಹ ಕರಗಿ ಹೋದರೂ ಪೊರೆ ಹಾಗೇ ಇರುತ್ತದೆ. ಬೆಸುಗೆ ಹಿಡಿಯದೇ ಗುಂಡಾಗಿ ಉರುಳಿ ಹೋಗೋದು ಇದರಿಂದಲೇ. ಟಿಗ್ ಯಂತ್ರದಲ್ಲಿ ಎಸಿ ಕರೆಂಟು, ಆರ್ಗಾನ್ ಗ್ಯಾಸು ಬಳಸಿ ಈ ಪೊರೆ ಒಡೆಯುತ್ತಾರೆ. ಆ ಯಂತ್ರ ಎಲ್ಲ ಊರಲ್ಲೂ ಸಿಗೋದಿಲ್ಲ.

ಕಲಾಯಿ ನೆನಪಿದೆಯಾ?

ಪಕ್ಕದ ಹೊಲದ ಹುಡುಗ ಒಬ್ಬನಿದ್ದಾನೆ, ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಊರಿಗೆ ಬಂದವನು. ಅಂದು ಸಂಜೆ ಮೊಬೈಲ್ ಹಿಡಿದು ಬಂದ.

"ಅಣ್ಣಾ, ಇದು ನೋಡ್ರಿ. ನಾ ಈ ಕಡ್ಡಿ ಆನ್‌ಲೈನ್‌ನಾಗ ತರಿಸೀನಿ. ಸಣ್ಣ ಗ್ಯಾಸ್ ಟಾರ್ಚ್‌ನಾಗ ಅಲ್ಯೂಮಿನಿಯಂ ಹತ್ತತದಂತ."

ವಿಡಿಯೋದಲ್ಲಿ ಒಬ್ಬ ತಂಪು ಪಾನೀಯದ ಡಬ್ಬಿಯ ತೂತು ಮುಚ್ಚುತ್ತಿದ್ದ. ನನಗೆ ನಗು ಬಂತು. "ಹಂಗಾದ್ರ ನೀ ಹಚ್ಚಿ ತೋರಸು" ಅಂದೆ. ಹಚ್ಚಿದ. ಕಡ್ಡಿ ಕರಗಿ ಪಾದರಸದ ಹಾಗೆ ಉರುಳಿ ನೆಲಕ್ಕೆ ಬಿತ್ತು. ನಾನು ಇನ್ನೂ ನಕ್ಕೆ.

ನಮ್ಮ ಅಜ್ಜಿ ಅಲ್ಲೇ ಕೂತು ನೋಡುತ್ತಿದ್ದಳು. "ಕಲಾಯಿ ಮಾಡಾಂವ ಮೊದಲ ಪಾತ್ರಿ ತಿಕ್ಕತಿದ್ದ. ಆಮ್ಯಾಲ ಪಾತ್ರಿ ಕಾಸತಿದ್ದ. ನೀ ತಿಕ್ಕಿಲ್ಲ, ಪಾತ್ರಿನೂ ಕಾಸಿಲ್ಲ. ಬರೇ ಕಡ್ಡಿ ಸುಡ್ತಿ" ಅಂದಳು.

ಮೂರು ಮಾತಿನಲ್ಲಿ ಇಡೀ ವಿದ್ಯೆ ಮುಗಿಯಿತು. ಕಲಾಯಿಯವರು ತಾಮ್ರದ ಪಾತ್ರೆಯನ್ನು ಮರಳು ಹಾಕಿ ತಿಕ್ಕಿ, ಕೆಳಗೆ ತಿದಿ ಊದಿ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎಸೆದು ಹೊಲಸು ಕಳೆದು, ಆಮೇಲೆ ತವರದ ಕಡ್ಡಿ ತಾಗಿಸುತ್ತಿದ್ದರು. ತವರವನ್ನು ಕರಗಿಸುತ್ತಿದ್ದದ್ದು ಬೆಂಕಿಯಲ್ಲ, ಕಾದ ಪಾತ್ರೆ. ಅಲ್ಯೂಮಿನಿಯಂ ಬ್ರೇಜಿಂಗೂ ಇದೇ. ತವರದ ಬದಲು ಸತು–ಅಲ್ಯೂಮಿನಿಯಂ ಬೆರೆತ ಕಡ್ಡಿ, ನವಸಾಗರದ ಬದಲು ಬೇರೆ ಫ್ಲಕ್ಸ್ ಅಥವಾ ಸ್ಟೀಲ್ ಬ್ರಷ್.

ಈ ಕಡ್ಡಿಗಳು ಸುಮಾರು 380ರಿಂದ 400 ಡಿಗ್ರಿಗೆ ಕರಗುತ್ತವೆ. ಅಂದರೆ ಅಲ್ಯೂಮಿನಿಯಂ ಕರಗುವುದಕ್ಕಿಂತ ಸಾಕಷ್ಟು ಮೊದಲೇ. ಪುಸ್ತಕದ ಪ್ರಕಾರ 450 ಡಿಗ್ರಿಗಿಂತ ಮೇಲಿನದು ಬ್ರೇಜಿಂಗ್, ಕೆಳಗಿನದು ಸೋಲ್ಡರಿಂಗ್. ಹಾಗಾಗಿ ಪೊಟ್ಟಣದ ಮೇಲೆ ಏನೇ ಬರೆದಿರಲಿ, ನಾವು ಮಾಡುತ್ತಿರುವುದು ಒಂದು ಗಟ್ಟಿ ಸೋಲ್ಡರಿಂಗ್. ಈ ವ್ಯತ್ಯಾಸ ಬರೀ ಹೆಸರಿನದಲ್ಲ ಅನ್ನೋದು ಮುಂದೆ ಗೊತ್ತಾಗುತ್ತದೆ.

ಆ ರಾತ್ರಿ ಹಳೇ ಜರ್ಮನ್ ಪಾತ್ರೆಯ ಮುಚ್ಚಳ ತಗೊಂಡು ಇಬ್ಬರೂ ಕಲಿತೆವು. ಮೂರನೇ ಸಲಕ್ಕೆ ಕಡ್ಡಿ ನೀರಿನ ಹಾಗೆ ಹರಿದು ಹಿಡಿಯಿತು. ಮರುದಿನ ಕವರಿನ ಕಿವಿ ಕೂಡಿಸಿ, ಕೆಳಗೆ ಒಂದು ಅಲ್ಯೂಮಿನಿಯಂ ಪಟ್ಟಿ ಆಸರೆ ಕೊಟ್ಟು ಬೆಸೆದೆವು. ಸಂಜೆಗೆ ಸ್ಪ್ರೇಯರ್ ಶುರುವಾಯಿತು. ಎರಡು ದಿನ ತಡವಾದರೂ ಕೀಡಿ ಇನ್ನೂ ಸಣ್ಣವೇ ಇದ್ದವು. ಆ ವರ್ಷ ತೊಗರಿ ಕೈಗೆ ಬಂತು. ಆ ಕವರ್ ಇವತ್ತಿಗೂ ಅದೇ ಸ್ಪ್ರೇಯರ್ ಮೇಲಿದೆ.

ಮಾಡೋದು ಹೇಗೆ?

ಮೊದಲು ಲೋಹ ಯಾವುದು ನೋಡಿಕೊಳ್ಳಿ. ಅಯಸ್ಕಾಂತ ಹಿಡಿದರೆ ಅದು ಕಬ್ಬಿಣ. ಹಿಡಿಯಲಿಲ್ಲ ಅಂದ ಮಾತ್ರಕ್ಕೆ ಅಲ್ಯೂಮಿನಿಯಂ ಅಲ್ಲ. ಕೆಲವು ಕಾರ್ಬುರೇಟರ್, ಹಿಡಿಕೆಗಳು ಸತುವಿನ ಎರಕ. ಕೈಯಲ್ಲಿ ಹಿಡಿದರೆ ಎರಡು ಪಟ್ಟಿಗಿಂತ ಹೆಚ್ಚು ಭಾರ. ಅವು ನಿಮ್ಮ ಕಡ್ಡಿಯ ಜೊತೆಗೇ ಕರಗಿ ಹೋಗುತ್ತವೆ. ಮರ ಕೊಯ್ಯುವ ಚೈನ್‌ಸಾ, ಕಳೆ ಕತ್ತರಿಸುವ ಬ್ರಷ್ ಕಟರ್‌ಗಳ ಕೆಲವು ಭಾಗ ಮೆಗ್ನೀಷಿಯಂ ಮಿಶ್ರಲೋಹ ಇರುತ್ತವೆ. ಇದು ಬೆಂಕಿ ಹತ್ತಿ ಉರಿಯುವ ಲೋಹ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಒಂದು ಮೂಲೆ ಉಜ್ಜಿ ಎರಡು ಹನಿ ವಿನೆಗರ್ ಹಾಕಿ. ಗುಳ್ಳೆ ಎದ್ದರೆ ಮೆಗ್ನೀಷಿಯಂ ಅಂತ ತಿಳಿದು ಕೈ ಬಿಡಿ.

ಆಮೇಲೆ ತೊಳೆಯುವುದು. ಎಣ್ಣಿ ಹೊಡೆದ ಸ್ಪ್ರೇಯರ್ ಭಾಗವನ್ನು ತೊಳೆಯದೆ ಕಾಯಿಸಿದರೆ ಬರುವ ಹೊಗೆ ವಿಷ. ಸಾಬೂನು ನೀರಿನಲ್ಲಿ ಎರಡು ಸಲ ತೊಳೆದು ಪೂರ್ತಿ ಒಣಗಿಸಿ. ಎಂಜಿನ್ ಎಣ್ಣೆ ಕುಡಿದ ಎರಕದ ಭಾಗವಾದರೆ ಒಮ್ಮೆ ಹದವಾಗಿ ಕಾಯಿಸಿ ಒಳಗಿನ ಎಣ್ಣೆ ಹೊರಗೆ ಬರಿಸಿ, ಮತ್ತೆ ಒರೆಸಿ. ಬ್ರೇಕ್ ತೊಳೆಯುವ ಕ್ಲೋರಿನ್ ಇರುವ ಸ್ಪ್ರೇ ಬಳಸಿ ಬೆಂಕಿ ಹಿಡಿಯಬೇಡಿ. ಅದು ಸುಟ್ಟರೆ ಜೀವಕ್ಕೇ ಅಪಾಯದ ಗ್ಯಾಸ್ ಬರುತ್ತದೆ.

ಬಿರುಕು ಇದ್ದರೆ ಅದರ ತುದಿಗೆ ಸಣ್ಣ ಡ್ರಿಲ್‌ನಿಂದ ಒಂದು ತೂತು ಹಾಕಿ. ಇಲ್ಲದಿದ್ದರೆ ಬೆಸೆದ ಮೇಲೂ ಬಿರುಕು ಮುಂದೆ ಓಡುತ್ತದೆ. ಬಿರುಕಿನ ಉದ್ದಕ್ಕೂ ಅರದಿಂದ ಸಣ್ಣ ಗಾಡಿ ಮಾಡಿ. ಮುಖಕ್ಕೆ ಮುಖ ಜೋಡಿಸುವುದಕ್ಕಿಂತ ಒಂದರ ಮೇಲೊಂದು ಪಟ್ಟಿ ಇಟ್ಟು ಬೆಸೆದರೆ ಗಟ್ಟಿ.

ಸ್ಟೇನ್‌ಲೆಸ್ ಸ್ಟೀಲ್ ತಂತಿ ಬ್ರಷ್ ಹಿಡಿದು ಜಾಗ ಹೊಳೆಯುವ ತನಕ ತಿಕ್ಕಿ. ಆ ಬ್ರಷ್ಷನ್ನು ಕಬ್ಬಿಣಕ್ಕೆ ಮುಟ್ಟಿಸಬೇಡಿ, ಅಲ್ಯೂಮಿನಿಯಂಗೆ ಅಂತಲೇ ಬೇರೆ ಇಡಿ.

ಈಗ ಕಾಯಿಸುವುದು. ಟಾರ್ಚ್ ಒಂದೇ ಕಡೆ ನಿಲ್ಲಿಸಬೇಡಿ. ಅಲ್ಯೂಮಿನಿಯಂ ಶಾಖವನ್ನು ಬೇಗ ಸುತ್ತಲೂ ಹಂಚಿಬಿಡುತ್ತದೆ. ಹಾಗಾಗಿ ಜೋಡಣೆಯ ಸುತ್ತಲಿನ ಜಾಗವನ್ನೂ ಕಾಯಿಸಬೇಕು. ಹದ ಗೊತ್ತಾಗುವುದು ಹೇಗೆ? ಹಳೇ ಕೆಲಸಗಾರರ ಒಂದು ಉಪಾಯ ಇದೆ: ಜೋಡಣೆಯಿಂದ ಸ್ವಲ್ಪ ದೂರದಲ್ಲಿ ಸಾಬೂನಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಕಂದಾಗಿ, ಕಪ್ಪಾಗುವ ಹೊತ್ತಿಗೆ ನೀವು ಹದದ ಹತ್ತಿರ ಇದ್ದೀರಿ. ಜೋಡಣೆಯ ಮೇಲೆ ಮಾತ್ರ ಸಾಬೂನು ತಾಗಬಾರದು.

ಈಗ ಬೆಂಕಿ ಪಕ್ಕಕ್ಕೆ ಸರಿಸಿ ಕಡ್ಡಿ ತಾಗಿಸಿ. ಕಡ್ಡಿ ಲೋಹದ ಶಾಖಕ್ಕೇ ಕರಗಬೇಕು. ಬೆಂಕಿಗೆ ಕಡ್ಡಿ ಹಿಡಿದರೆ ನಮ್ಮ ಹುಡುಗನ ಕಥೆಯೇ. ಫ್ಲಕ್ಸ್ ಇಲ್ಲದ ಕಡ್ಡಿಯಾದರೆ ಕರಗಿದ ಹನಿಯ ಅಡಿಯಲ್ಲಿ ಸ್ಟೀಲ್ ಕಡ್ಡಿಯಿಂದ ಕೆರೆಯಿರಿ. ಪೊರೆ ಒಡೆದ ಜಾಗದಲ್ಲಿ ಗಾಳಿ ತಾಗುವ ಮೊದಲು ಲೋಹ ಹಿಡಿಯುತ್ತದೆ. ಫ್ಲಕ್ಸ್ ಇರುವ ಕಡ್ಡಿಯಾದರೆ ಕೆಲಸ ಮುಗಿದು ತಣ್ಣಗಾದ ಮೇಲೆ ಬಿಸಿನೀರು, ಬ್ರಷ್ಷಿನಿಂದ ತೊಳೆಯಿರಿ. ಉಳಿದ ಫ್ಲಕ್ಸ್ ಲೋಹ ತಿನ್ನಬಹುದು.

ತಾನಾಗಿ ಆರಲು ಬಿಡಿ, ನೀರು ಚೆಲ್ಲಬೇಡಿ. ಸೋರುತ್ತದೋ ಇಲ್ಲವೋ ನೋಡಲು, ಪೂರ್ತಿ ಆರಿದ ಮೇಲೆ, ಬೆಂಕಿ ದೂರ ಇಟ್ಟು, ಒಂದು ಬದಿಗೆ ಸೀಮೆಸುಣ್ಣ ಉಜ್ಜಿ ಇನ್ನೊಂದು ಬದಿಗೆ ಡೀಸೆಲ್ ಹಚ್ಚಿ. ಸುಣ್ಣದ ಮೇಲೆ ಒದ್ದೆ ಗೆರೆ ಮೂಡಿದರೆ ಇನ್ನೂ ಬಿರುಕಿದೆ.

ಇದೆಲ್ಲಾ ಬಯಲಿನಲ್ಲಿ ಮಾಡಿ. ಸತು ಅತಿಯಾಗಿ ಕಾದರೆ ಬರುವ ಬಿಳಿ ಹೊಗೆ ಕುಡಿದರೆ ಸಂಜೆಗೆ ಜ್ವರ ಬಂದು ಮೈ ನಡುಗುತ್ತದೆ. ಕಣಿಕಿ ಬಣವೆ, ಹತ್ತಿ ರಾಶಿ ಹತ್ತಿರ ಬೇಡವೇ ಬೇಡ. ಅಡಿಗೆ ಸಿಲಿಂಡರ್‌ಗೆ ಪೈಪ್ ಸಿಕ್ಕಿಸಿ ಟಾರ್ಚ್ ಮಾಡುವ ವಿಡಿಯೋಗಳಿವೆ, ಅವುಗಳನ್ನು ನಂಬಬೇಡಿ.

ನಾನು ಮಾಡಿದ ತಪ್ಪು

ಒಂದು ಕವರ್ ಹಿಡಿದ ಮೇಲೆ ನನಗೆ ಕೊಂಬು ಬಂದವು. ಓಣಿಯವರು ಪಂಪಿನ ಫ್ಯಾನ್ ಕವರ್, ಟಾರ್ಚಿನ ಹಿಡಿಕೆ, ಕಿಟಕಿ ಚೌಕಟ್ಟು ತಂದರು. ಎಲ್ಲಾ ಹಚ್ಚಿಕೊಟ್ಟೆ. ಹಚ್ಚಿದ್ದೆಲ್ಲಾ ಹಿಡಿಯಿತು.

ಮರು ವರ್ಷ ಅಫಜಲಪುರ ತಾಲ್ಲೂಕಿನಲ್ಲಿ ನಮ್ಮ ಅಕ್ಕನ ಮನೆಗೆ ಹೋದೆ. ಅವರದು ಲಿಂಬಿ ತೋಟ. ಕಜ್ಜಿ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಎಚ್‌ಟಿಪಿ ಪಂಪಿನಲ್ಲಿ ನೀರು ಹೊರಹೋಗುವ ಅಲ್ಯೂಮಿನಿಯಂ ಭಾಗ ಬಿರುಕು ಬಿಟ್ಟಿತ್ತು. ಮಾಮಾ, ಅಂದ್ರೆ ಅಕ್ಕನ ಗಂಡ, ಹೊಸದು ತರಲಿಕ್ಕೆ ಕಲಬುರಗಿಗೆ ಹೊರಟಿದ್ದರು. ನಾನೇ ತಡೆದೆ. "ಯಾಕ ಹೋಗ್ತೀರಿ ಮಾಮಾ, ನಾ ಅರ್ಧ ತಾಸಿನ್ಯಾಗ ಹಚ್ಚಿ ಕೊಡ್ತೀನಿ."

ಹಚ್ಚಿದೆ. ಡೀಸೆಲ್ ಪರೀಕ್ಷೆಯಲ್ಲಿ ಪಾಸ್. ನೀರು ಬಿಟ್ಟರೆ ಒಂದು ಹನಿ ಸೋರಲಿಲ್ಲ. ಆದರೆ ಆ ಪಂಪು ಓಡುವುದು 20 ಕೆ.ಜಿ.ಗಿಂತ ಹೆಚ್ಚು ಪ್ರೆಷರಿನಲ್ಲಿ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಬೆಸುಗೆ ಬಿಟ್ಟು ತುಂಡು ಸಿಡಿಯಿತು. ಮಾಮಾರ ಹುಬ್ಬಿಗೆ ಬಡಿಯಿತು. ನಾಲ್ಕು ಹೊಲಿಗೆ. ಕಣ್ಣಿಗೆ ಒಂದು ಬೆರಳು ಅಂತರ.

ಅಕ್ಕ ಬೈಯಲಿಲ್ಲ. ಆಸ್ಪತ್ರೆಯಿಂದ ಬರುವಾಗ ಒಂದೇ ಮಾತು ಅಂದಳು: "ತಮ್ಮಾ, ಪಂಪಿನ ರೊಕ್ಕ ಹೆಂಗರೆ ಹೊಂದಸ್ತಿದ್ವಿ. ಕಣ್ಣು ಎಲ್ಲಿಂದ ತರೋದಿತ್ತು?"

ಸೋಲ್ಡರಿಂಗಿಗೂ ವೆಲ್ಡಿಂಗಿಗೂ ಇರುವ ವ್ಯತ್ಯಾಸ ನನಗೆ ಅವತ್ತು ತಿಳಿಯಿತು. ಇಲ್ಲಿ ಲೋಹ ಲೋಹ ಕರಗಿ ಒಂದಾಗುವುದಿಲ್ಲ. ನಡುವೆ ಬೇರೆ ಲೋಹ ಅಂಟಿನ ಹಾಗೆ ಕೂತಿರುತ್ತದೆ. ಸೋರದಂತೆ ತಡೆಯುವುದು ಬೇರೆ, ಏರಿಳಿಯುವ ಒತ್ತಡ ತಡೆಯುವುದು ಬೇರೆ. ಮೇಲಾಗಿ ಬೋರ್ಡೋದಲ್ಲಿರುವ ತಾಮ್ರ ಮತ್ತು ಸುಣ್ಣ ಎರಡೂ ಅಲ್ಯೂಮಿನಿಯಂ, ಸತು ತಿನ್ನುತ್ತವೆ. ಆ ಪಂಪು ಮೊದಲು ಬಿರುಕು ಬಿಟ್ಟದ್ದಕ್ಕೂ ಅದು ಒಂದು ಕಾರಣ ಇರಬೇಕು. ಬೋರ್ಡೋ ಹೊಡೆದ ಮೇಲೆ ಬರೀ ನೀರು ಹಾಕಿ ಹತ್ತು ನಿಮಿಷ ಪಂಪು ಓಡಿಸುವ ರೂಢಿ ಆ ಮನೆಯಲ್ಲಿ ಶುರುವಾದದ್ದು ಆಮೇಲೆ. ರಿಪೇರಿ ಕಲಿಯುವ ಮೊದಲು ಆ ತೊಳೆಯುವ ಕೆಲಸ ಕಲಿತಿದ್ದರೆ ಪಂಪು ಇನ್ನೂ ಕೆಲವು ವರ್ಷ ಬರುತ್ತಿತ್ತೇನೋ.

ಇವುಗಳಿಗೆ ಕೈ ಹಚ್ಚಬೇಡಿ

ಒತ್ತಡ ತಡೆಯುವ ಯಾವುದೇ ಭಾಗ: ಎಚ್‌ಟಿಪಿ ಪಂಪಿನ ಹೆಡ್ಡು, ಹೈಡ್ರಾಲಿಕ್ ಪಂಪು, ಕಂಪ್ರೆಸರ್, ಮನೆಯ ಕುಕ್ಕರ್.

ಜೀವ ಹೊತ್ತು ಓಡುವ ಭಾಗ: ಬ್ರೇಕ್, ಸ್ಟೇರಿಂಗ್, ಬೈಕಿನ ಅಲಾಯ್ ಚಕ್ರ, ಫೋರ್ಕ್.

ಬೆಂಕಿ ಹಿಡಿಯುವ ಭಾಗ: ಪೆಟ್ರೋಲ್ ಟ್ಯಾಂಕು, ಗ್ಯಾಸಿಗೆ ಸಂಬಂಧಿಸಿದ್ದು ಯಾವುದಾದರೂ. ಟ್ಯಾಂಕು ಖಾಲಿ ಮಾಡಿದರೂ ಒಳಗಿನ ಆವಿ ಸಾಕು.

ಜೋರು ಕಾಯುವ ಭಾಗ: ಎಂಜಿನ್ ಹೆಡ್ಡು, ಸೈಲೆನ್ಸರ್ ಕೂಡುವ ಜಾಗ. ಕಾದಂತೆಲ್ಲಾ ಸತುವಿನ ಬೆಸುಗೆ ಬಲ ಕಳೆದುಕೊಳ್ಳುತ್ತದೆ.

ಹಾಗಾದರೆ ಉಳಿಯೋದೇನು? ಸಾಕಷ್ಟಿದೆ. ಎಂಜಿನ್ ಫ್ಯಾನ್ ಕವರ್, ಸ್ಟಾರ್ಟರ್ ಕವರ್, ಗಾಳಿ ತಾಗುವ ಮುರಿದ ರೆಕ್ಕೆಗಳು, ಮೋಟಾರಿನ ಕರೆಂಟು ಡಬ್ಬಿಯ ಮುಚ್ಚಳ, ಒತ್ತಡವಿಲ್ಲದ ಎಣ್ಣೆ ಚೇಂಬರಿನ ಸಣ್ಣ ಬಿರುಕು, ನೆರಳುಬಲೆಯ ಚೌಕಟ್ಟು, ಏಣಿ ಬಿಟ್ಟು ಉಳಿದ ಅಲ್ಯೂಮಿನಿಯಂ ಸಾಮಾನು. ಏಣಿ ಯಾಕೆ ಬೇಡ ಅಂತ ಕೇಳಿದಿರಾ? ಅದರ ಮೇಲೆ ಮನುಷ್ಯ ಹತ್ತುತ್ತಾನೆ.

ಇದು ಬರೀ ಕಡ್ಡಿಯ ಮಾತಲ್ಲ

ಈಗ ನನ್ನ ತಕರಾರು ಹೇಳುತ್ತೇನೆ.

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂತು. ಹೆಮ್ಮೆಯ ಮಾತು. ಆದರೆ ಆ ತೊಗರಿ ಬೆಳೆಯುವ ಹೊಲದಲ್ಲಿ ಒಂದು ಕವರ್ ಮುರಿದರೆ ನಾವು ಊರು ಬಿಟ್ಟು ಓಡಬೇಕು. ಆಳಂದ, ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ಹೆಚ್ಚು. ಊರಿನಿಂದ ತಾಲ್ಲೂಕಿನ ದಾರಿ ಬೇರೆ. ಹೋಗಿ ಬರಲಿಕ್ಕೆ ಒಂದು ದಿನದ ಕೂಲಿ, ಪೆಟ್ರೋಲ್ ಖರ್ಚು. ಹೋದರೆ ಭಾಗ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ಹೊಸ ಯಂತ್ರಕ್ಕೆ ಸಬ್ಸಿಡಿ ಇದೆ. ಕೃಷಿ ಯಾಂತ್ರೀಕರಣದಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟ ಜಾತಿ–ಪಂಗಡದವರಿಗೆ ಶೇ. 90ರ ತನಕ ಸಹಾಯಧನ ಕೊಡುವ ಪದ್ಧತಿ ಬಂದಿದೆ. ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಅವು ಬೇಕು, ಬೇಡ ಅನ್ನಲ್ಲ. ಆದರೆ ಕೊಂಡ ಯಂತ್ರ ಮುರಿದ ದಿನ ರೈತ ಒಬ್ಬನೇ. "ರಿಪೇರಿ ಮಾಡಿಸೋದ್ಯಾಕ, ಸಬ್ಸಿಡಿಯಾಗ ಹೊಸಾದು ತಗೋರಿ" ಅಂತ ನನಗೆ ಹೇಳಿದವರಿದ್ದಾರೆ. ಅರ್ಜಿ ಹಾಕಿ, ಪಾಳಿ ಬರುವ ತನಕ ಕಾಯಿಕೊರಕ ಕಾಯುತ್ತದೆಯೇ?

ನಾನು ತೋಟಗಾರಿಕೆ ಪದವಿ ಮಾಡಿದವನು. ನಾಲ್ಕು ವರ್ಷ ಕಸಿ ಕಟ್ಟಿದೆ, ರೋಗ ಗುರುತಿಸಿದೆ, ಗೊಬ್ಬರದ ಲೆಕ್ಕ ಹಾಕಿದೆ. ಯಂತ್ರಗಳ ಬಗ್ಗೆಯೂ ಪಾಠ ಇತ್ತು, ಪರೀಕ್ಷೆ ಬರೆದೆ. ಒಂದು ಸ್ಪ್ರೇಯರ್ ಪೂರ್ತಿ ಬಿಚ್ಚಿ ಕೂಡಿಸಿದ್ದು ಮಾತ್ರ ಹೊಲಕ್ಕೆ ಬಂದ ಮೇಲೆ. ಕೃಷಿ, ತೋಟಗಾರಿಕೆ ಓದುವ ಮಕ್ಕಳು ಕನಿಷ್ಠ ಒಂದು ತಿಂಗಳು ರಿಪೇರಿ ಅಂಗಡಿಯಲ್ಲಿ ಕೂರಬೇಕು ಅಂತ ನನ್ನ ಅಭಿಪ್ರಾಯ. ಕೈಗೆ ಗ್ರೀಸ್ ಹತ್ತಿದರೆ ಪದವಿ ಸಣ್ಣದಾಗುವುದಿಲ್ಲ.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಬಂದಾಗ ಅಫಜಲಪುರ, ಜೇವರ್ಗಿ ಕಡೆ ದಂಡೆಯ ಊರುಗಳು, ಹೊಲಗಳು ಮುಳುಗಿದ್ದು ನಿಮಗೆ ನೆನಪಿರಬೇಕು. ನೀರು ಇಳಿದ ಮೇಲೆ ದಂಡೆಯ ರೈತನಿಗೆ ಮೊದಲು ಬೇಕಾದದ್ದು ಮುಳುಗಿದ ಮೋಟಾರು ಬಿಚ್ಚಿ, ಒಣಗಿಸಿ, ಮತ್ತೆ ಓಡಿಸುವ ಕೈ. ಅಂಥ ದಿನ ಹೊಸ ಯಂತ್ರ ಮಾರುವ ಅಂಗಡಿಗಿಂತ ಹಳೆಯದನ್ನು ಎಬ್ಬಿಸುವವನು ದೊಡ್ಡವನು. ಅಂಥವರು ನಮ್ಮ ತಾಲ್ಲೂಕುಗಳಲ್ಲಿ ಬೆರಳೆಣಿಕೆ.

ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಮೊಬೈಲ್, ಗೃಹಬಳಕೆ ಸಾಮಾನು, ವಾಹನಗಳ ಜೊತೆಗೆ ಕೃಷಿ ಉಪಕರಣಗಳೂ ಆ ಪಟ್ಟಿಯಲ್ಲಿವೆ. ಕಂಪನಿಗಳು ಬಿಡಿಭಾಗ, ಕೈಪಿಡಿ, ಸರ್ವಿಸ್ ವಿವರ ಗ್ರಾಹಕನಿಗೆ ಸಿಗುವಂತೆ ಮಾಡಬೇಕು ಅನ್ನೋದು ಅದರ ಆಶಯ. ಒಳ್ಳೆಯದು. ಆದರೆ ಪೋರ್ಟಲ್ ತೆರೆದರೆ ಭಾಗ ಬಂದು ಕೈಗೆ ಬೀಳುವುದಿಲ್ಲ. ಯಂತ್ರ ಕೊಳ್ಳುವಾಗಲೇ ನಾವು ಕೇಳಬೇಕು: "ಇದರ ಬಿಡಿಭಾಗ ಯಾವ ಊರಾಗ ಸಿಗತಾವ? ಎಷ್ಟು ದಿನಕ್ಕ?" ಈ ಪ್ರಶ್ನೆಗೆ ಉತ್ತರ ಕೊಡದ ಅಂಗಡಿಯಲ್ಲಿ ಎಷ್ಟೇ ಕಡಿಮೆ ಬೆಲೆ ಇರಲಿ, ನಾನಂತೂ ಈಗ ಕೊಳ್ಳುವುದಿಲ್ಲ.

ವೆಲ್ಡಿಂಗ್‌ನವರ ಹೊಟ್ಟೆ ಮೇಲೆ ಹೊಡೆದಂತೆ ಆಗುವುದಿಲ್ಲವೇ?

ಇದನ್ನು ನಾನು ಜೇವರ್ಗಿಯ ಒಬ್ಬ ಚಾಚಾರಿಗೇ ಕೇಳಿದೆ. ಅವರ ಹತ್ತಿರ ಟಿಗ್ ಯಂತ್ರ ಇದೆ. ಮಾಮಾರ ಪಂಪಿನ ಘಟನೆ ಆದ ಮೇಲೆ ಒಡೆದ ಭಾಗ ಹಿಡಿದು ಅವರ ಅಂಗಡಿಗೆ ಹೋಗಿದ್ದೆ. ನನ್ನ ಬೆಸುಗೆ ನೋಡಿ ನಕ್ಕರು. ಆಮೇಲೆ ಹೇಳಿದರು:

"ಬೇಟಾ, ಮುಚ್ಚಳಾ ಕವರ್ ನೀ ಮನ್ಯಾಗ ಹಚ್ಚಕೋ. ಅಂಥ ಸಣ್ಣ ಕೆಲಸಕ್ಕ ನನಗ ಟೈಮ್ ಇಲ್ಲ, ನಿನಗ ಖರ್ಚು. ತೂಕ ಹೊರೋದು, ಪ್ರೆಷರ್ ತಡಿಯೋದು ನನ್ನ ಹತ್ರ ತಾ. ಆದ್ರ ಒಂದು ಮಾತ, ನಿನ್ನ ಕಡ್ಡಿ ಹಚ್ಚಿ ಕೆಡಿಸಿ ತರಬ್ಯಾಡ. ಸತು ಹತ್ತಿದ ಮ್ಯಾಲ ನನ್ನ ವೆಲ್ಡಿಂಗೂ ಹಿಡಿಯಂಗಿಲ್ಲ."

ಈ ಕೊನೆಯ ಮಾತು ಬರೆದಿಟ್ಟುಕೊಳ್ಳಿ. ಒಮ್ಮೆ ಸತುವಿನ ಕಡ್ಡಿ ಹಚ್ಚಿದ ಜಾಗಕ್ಕೆ ಆಮೇಲೆ ಟಿಗ್ ಮಾಡುವುದು ಬಹಳ ಕಷ್ಟ. ಸತು ಕುದಿದು ಹೊಗೆಯಾಗಿ ಬೆಸುಗೆಯಲ್ಲಿ ತೂತು ಬೀಳುತ್ತವೆ. ಅಂದರೆ ಮನೆಯಲ್ಲಿ ಮಾಡುವ ಕೆಲಸ ಯಾವುದು, ಚಾಚಾರ ಹತ್ತಿರ ಒಯ್ಯುವ ಕೆಲಸ ಯಾವುದು ಅನ್ನುವ ತೀರ್ಮಾನ ಕಡ್ಡಿ ತಾಗಿಸುವ ಮೊದಲೇ ಆಗಬೇಕು.

ಏನು ಮಾಡೋಣ?

ಒಬ್ಬೊಬ್ಬರೂ ಕೊಳ್ಳುವ ಅಗತ್ಯ ಇಲ್ಲ. ಐದಾರು ಗೆಳೆಯರು ಸೇರಿ ಒಂದು ಟಾರ್ಚ್, ಒಂದು ಕಟ್ಟು ಕಡ್ಡಿ, ಒಂದು ಸ್ಟೇನ್‌ಲೆಸ್ ಬ್ರಷ್, ಕನ್ನಡಕ, ಚರ್ಮದ ಕೈಗವಸು ತಗೊಳ್ಳಿ. ಎಲ್ಲಾ ಸೇರಿದರೂ ಒಂದು ಸ್ಪ್ರೇಯರ್ ಬೆಲೆಗಿಂತ ಎಷ್ಟೋ ಕಡಿಮೆ. ಸಣ್ಣ ಟಾರ್ಚ್ ಅಂಗೈ ಅಗಲದ ಭಾಗಕ್ಕೆ ಸಾಕು, ದೊಡ್ಡ ಎರಕಕ್ಕೆ ಅದರ ಶಾಖ ಸಾಲುವುದಿಲ್ಲ. ಮೊದಲ ಹತ್ತು ಬೆಸುಗೆ ಗುಜರಿ ಸಾಮಾನಿನ ಮೇಲೆ ಮಾಡಿ. ಬೆಸೆದದ್ದನ್ನು ಸುತ್ತಿಗೆಯಿಂದ ಹೊಡೆದು ಮುರಿದು ನೋಡಿ. ಕಡ್ಡಿ ಸಿಪ್ಪೆಯ ಹಾಗೆ ಕಿತ್ತು ಬಂದರೆ ಶಾಖ ಸಾಲಲಿಲ್ಲ ಅಥವಾ ತಿಕ್ಕಿದ್ದು ಸಾಲಲಿಲ್ಲ. ವಿಡಿಯೋದಲ್ಲಿ ಬೆಸೆಯುವುದನ್ನು ತೋರಿಸುತ್ತಾರೆ, ಮುರಿದು ನೋಡುವುದನ್ನು ತೋರಿಸುವವರು ಕಡಿಮೆ. ಕಲಿಯುವುದು ಮಾತ್ರ ಮುರಿದು ನೋಡಿದಾಗಲೇ.

ಮತ್ತೆ, ನಿಮ್ಮ ತಾಲ್ಲೂಕಿನಲ್ಲಿ ಟಿಗ್ ಮಾಡುವವರು ಯಾರು ಅಂತ ಸುಗ್ಗಿಗೆ ಮೊದಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ. ಯಂತ್ರ ಮುರಿದ ದಿನ ಹುಡುಕಲಿಕ್ಕೆ ಹೋದರೆ ತಡ.

ಪಕ್ಕದ ಹೊಲದ ಆ ಹುಡುಗ ಈಗ ಊರಿನ ಸ್ಪ್ರೇಯರ್, ಪವರ್ ವೀಡರ್ ಎಲ್ಲಾ ನೋಡುತ್ತಾನೆ. ಮೊನ್ನೆ ಒಬ್ಬ ಹಿರಿಯರು ಒಡೆದ ಕುಕ್ಕರ್ ತಂದಿದ್ದರು. "ಇದು ನಾ ಹಚ್ಚಂಗಿಲ್ಲ ಕಾಕಾ, ಹೊಸಾದು ತಗೋರಿ" ಅಂದ. "ಅಷ್ಟೆಲ್ಲಾ ಹಚ್ತಿ, ಇದಕ್ಯಾಕ ಆಗಂಗಿಲ್ಲ?" ಅಂತ ಅವರು ಸಿಟ್ಟಾಗಿ ಹೋದರು. ಹೋಗಲಿ. ಅವನು ಕಲಿತದ್ದು ಪೂರ್ತಿಯಾಗಿದೆ ಅಂತ ನನಗೆ ಅನ್ನಿಸಿದ್ದು ಆ ದಿನ.

ಮಾಮಾರ ಹುಬ್ಬಿನ ಮೇಲೆ ಗಾಯದ ಗೆರೆ ಇನ್ನೂ ಇದೆ. ನಾನು ಅವರ ತೋಟಕ್ಕೆ ಹೋದಾಗಲೆಲ್ಲಾ ಟಾರ್ಚ್ ಹೊರಗೆ ತೆಗೆಯುವ ಮೊದಲು ಅದನ್ನು ಒಮ್ಮೆ ನೋಡುತ್ತೇನೆ.